ಜೋಳಿಗೆಯ ಮರೆಯ ಬಸಿರು

ನನ್ನ ಹಿರಿಯ ಮಗಳು ನಡೆಯಲು ಕಲಿಯುವುದು ನನಗೆ ಬೇಡವಾಗಿತ್ತು. ಹೆತ್ತ ತಾಯಿ ಇಂಥ ಮಾತು ಆಡುತ್ತಾಳೆಯೇ ಎಂದು ಯಾರಾದರೂ ಮೂಗಿನ ಮೇಲೆ ಬೆರಳಿಟ್ಟರೆ ಇಟ್ಟುಕೊಳ್ಳಲಿ. ಅವಳು ನನ್ನ ಜೋಳಿಗೆಯಿಂದ ನೆಲಕ್ಕಿಳಿದರೆ ನನ್ನ ಮನೆ ಕಟ್ಟುವ ಕೆಲಸ ನಿಂತುಹೋಗುತ್ತಿತ್ತು. ಅದಕ್ಕೇ ಬೇಡವಾಗಿತ್ತು.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇಸವಿ. ಗುಡೂರಿನಲ್ಲಿ ನಮ್ಮದು ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ನನ್ನ ಗಂಡ ನನ್ನ ತಾಯಿಯ ಖಾಸಾ ತಮ್ಮ. ಹೀಗಾಗಿ ಗಂಡನನ್ನು ಮಾಮಾ ಎನ್ನುತ್ತಿದ್ದೆ, ಅತ್ತೆಯನ್ನು ಆಯಿ ಎನ್ನುತ್ತಿದ್ದೆ. ಆಕೆ ನನಗೆ ಅತ್ತೆಯಾಗುವ ಮೊದಲೇ ತಾಯಿಯ ತಾಯಿ. ಅಜ್ಜಿಯೇ ಅತ್ತೆಯಾದರೆ ಸುಖ ಎಂದು ಶಿರೂರಿನ ನನ್ನ ತವರಿನವರು ಹೇಳಿ ಕಳಿಸಿದ್ದರು. ಸುಳ್ಳಲ್ಲ. ಬೈಯುವಾಗ ಅತ್ತೆಯಾಗಿ ಬೈಯುತ್ತಿದ್ದಳು, ಉಣ್ಣಲು ಹಾಕುವಾಗ ಅಜ್ಜಿಯಾಗಿ ಹಾಕುತ್ತಿದ್ದಳು. ಆದರೆ ಚಿಕ್ಕಂದಿನಿಂದ ನಮ್ಮ ಮೂಗು ಒರೆಸಿದವಳ ಮುಂದೆ ಸುಳ್ಳು ಹೇಳುವುದು ಕಷ್ಟ. ನಮ್ಮ ಮುಖ ಆಕೆಗೆ ಬಾಯಿಪಾಠ.

ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಮೂವರು ಹೆಂಡಿರು, ಮಕ್ಕಳು, ಹೊಸದಾಗಿ ಹುಟ್ಟಿದ ಕುರಿಮರಿಗಳು. ಎಲ್ಲರಿಗೂ ಒಂದೇ ಪಡಸಾಲೆ, ಒಂದೇ ಒಲೆ. ನನ್ನ ಹಿರಿಯ ನೆಗೆಣ್ಣಿ, ಅಂದರೆ ದೊಡ್ಡ ಭಾವನ ಹೆಂಡತಿ, ಒಲೆಯ ಮುಂದೆ ಕೂತರೆ ಏಳುತ್ತಿರಲಿಲ್ಲ. ನನಗೆ ಯಾವತ್ತೂ ಕೊನೆಯ ರೊಟ್ಟಿ, ಆರುತ್ತಿರುವ ಕೆಂಡ. ಒಂದು ದಿನವಾದರೂ ನನಗೆ ಬೇಕಾದ ಹೊತ್ತಿಗೆ ಒಲೆ ಹೊತ್ತಿಸಬೇಕು, ನನಗೆ ಬೇಕಾದಾಗ ಬಾಗಿಲಿಗೆ ಚಿಲಕ ಹಾಕಬೇಕು ಎಂಬುದು ನನ್ನ ಆಸೆ. ದೊಡ್ಡದೇನಲ್ಲ. ಆದರೆ ಅದಕ್ಕೆ ಒಲೆ ಬೇಕು, ಬಾಗಿಲು ಬೇಕು.

ಹಿತ್ತಲ ಜಾಗ ನಮ್ಮ ಪಾಲಿಗೆ ಬಂದಿತ್ತು. ಮದುವೆಯಾದ ಮರುವರ್ಷ ಅಲ್ಲಿ ಎರಡು ಖೋಲಿಯ ಮನೆಗೆ ಪಾಯ ತೆಗೆದೆವು. ಕಲ್ಲಿನ ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂತು. ಅಷ್ಟರಲ್ಲಿ ನಾನು ಬಸುರಿಯಾದೆ. ನಮ್ಮ ಕಡೆ ಒಂದು ಕಟ್ಟುಪಾಡಿದೆ. ಹೆಂಡತಿ ಬಸುರಿಯಿದ್ದಾಗ ಗಂಡ ತನ್ನ ಮನೆ ಕಟ್ಟಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಗಡ್ಡ ಕೂದಲು ತೆಗೆಸಬಾರದು. ಸುದ್ದಿ ಕೇಳಿದ ಕೂಡಲೇ ಆಯಿ ಗೌಂಡಿಯನ್ನು ಗೋಡೆಯಿಂದ ಇಳಿಸಿ ಚಹಾ ಕುಡಿಸಿ ಕಳಿಸಿಬಿಟ್ಟಳು.

ಹಡೆದೆ. ಬಾಣಂತನ ಮುಗಿಯಿತು. ಆಮೇಲೆ ಮಳೆಗಾಲ, ಆಮೇಲೆ ಸುಗ್ಗಿ. ಮೊಣಕಾಲೆತ್ತರದ ಗೋಡೆಯೊಳಗೆ ಆಡುಗಳು ಮಲಗಿದವು. ನೆಗೆಣ್ಣಿ ಒಂದು ಮೂಲೆಯಲ್ಲಿ ಕುಂಬಳ ಬೀಜ ಊರಿ ಬಳ್ಳಿ ಹಬ್ಬಿಸಿದಳು. ನನ್ನ ಒಲೆ ಇರಬೇಕಾದ ಜಾಗದಲ್ಲಿ ಆಕೆಯ ಕುಂಬಳಕಾಯಿ ದಪ್ಪಗಾಗುವುದನ್ನು ನಾನು ಬಗಲಲ್ಲಿ ಕೂಸು ಕಟ್ಟಿಕೊಂಡು ನೋಡುತ್ತ ನಿಂತೆ.

ಕೂಸಿಗೆ ಒಂದು ವರ್ಷ ದಾಟಿದ ಮೇಲೆ, ಹೋಳಿ ಹುಣ್ಣಿಮೆ ಮುಗಿದ ವಾರ, ಗೌಂಡಿ ತಿರುಗಿ ಬಂದ. ಅದೇ ವಾರ ನೆಗೆಣ್ಣಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಕ್ಕೆ ನನ್ನ ಹೊಟ್ಟೆ ತೊಳಸಿತು. ಲೆಕ್ಕ ಹಾಕಿ ನೋಡಿದೆ. ಹೌದು, ಇನ್ನೊಂದು, ಆಗಲೇ ಮೂರನೆಯ ತಿಂಗಳು. ನನಗೆ ಖುಷಿ ಆಗಲಿಲ್ಲ, ದುಃಖವೂ ಆಗಲಿಲ್ಲ. ಗೋಡೆ ಕಣ್ಣ ಮುಂದೆ ಬಂತು. ಈ ಸಲ ನಿಂತರೆ ಅದು ಯಾವತ್ತಿಗೂ ಆಡಿನ ದೊಡ್ಡಿಯೇ. ಮನೆಗೆ ಸೂರಾಗಿ ಮಾಳಿಗೆ ಮುಚ್ಚುವ ತನಕ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ಗಂಡನಿಗೂ ಹೇಳಲಿಲ್ಲ. ನಮ್ಮ ಮಾಮಾನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಬಾಯಿ ಮುಚ್ಚಬಹುದು. ಹೊಟ್ಟೆ ಮುಚ್ಚುವುದು ಹೇಗೆ? ಅಲ್ಲಿ ಕೆಲಸಕ್ಕೆ ಬಂದದ್ದು ಜೋಳಿಗೆ. ನಮ್ಮಲ್ಲಿ ಇಳಕಲ್ ಸೀರೆ ಹಳತಾದರೆ ಬಿಸಾಡುವುದಿಲ್ಲ, ಹರಿದು ಕೌದಿ ಹೊಲಿಯುತ್ತೇವೆ. ನನ್ನ ತಾಯಿ ಉಟ್ಟು ಬಿಟ್ಟ ಒಂದು ಸೀರೆ ಕೌದಿಗೆಂದು ಇತ್ತು. ಅದರಲ್ಲಿ ಉದ್ದಕ್ಕೆ ಒಂದು ತುಂಡು ಹರಿದು, ಎಡ ಹೆಗಲ ಮೇಲಿಂದ ತಂದು ಬಲ ಬಗಲಿನ ಕೆಳಗೆ ಹಾಯಿಸಿ ಬೆನ್ನಿಗೆ ಗಂಟು ಹಾಕಿದರೆ ಜೋಳಿಗೆ. ಕೂಸು ಅದರಲ್ಲಿ ಕೂತರೆ ನಮ್ಮ ಎರಡೂ ಕೈ ಖಾಲಿ. ಎಲ್ಲರೂ ಕೂಸನ್ನು ಬಗಲಿಗೆ ಹಾಕಿಕೊಳ್ಳುತ್ತಾರೆ. ನಾನು ಗಂಟನ್ನು ಸ್ವಲ್ಪ ಜಗ್ಗಿ ಕೂಸನ್ನು ಮುಂದಕ್ಕೆ ತಂದೆ, ಸರಿಯಾಗಿ ಹೊಟ್ಟೆಯ ಮೇಲೆ. ನೋಡುವವರಿಗೆ ಕೂಸು ಕಾಣುತ್ತಿತ್ತು, ಅದರ ಹಿಂದೆ ಏನಿದೆ ಎಂಬುದು ಕಾಣುತ್ತಿರಲಿಲ್ಲ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಹೊಟ್ಟೆಯ ಮೇಲೊಂದು ಭಾರ, ಹೊಟ್ಟೆಯೊಳಗೊಂದು ಭಾರ, ತಲೆಯ ಮೇಲೆ ಮಣ್ಣಿನ ಬುಟ್ಟಿ. ಚೈತ್ರದ ಬಿಸಿಲು. ಕೂಸು ಉಚ್ಚೆ ಹೊಯ್ದರೆ ಮೂವರೂ ತೊಯ್ಯುತ್ತಿದ್ದೆವು. ರೊಟ್ಟಿ ಬಡಿಯಲು ಕೂತರೆ ಕೂಸು ಅಡ್ಡ, ಕೈ ಹಿಟ್ಟಿಗೆ ಮುಟ್ಟುತ್ತಿರಲಿಲ್ಲ. ಓರೆಯಾಗಿ ಕೂತು ಬಡಿಯುತ್ತಿದ್ದೆ.

“ಏನವಾ, ರೊಟ್ಟಿ ಬಡಿಯಾಕತ್ತೀಯೋ, ಡೊಳ್ಳು ಬಡಿಯಾಕತ್ತೀಯೋ?” ಎಂದು ನೆಗೆಣ್ಣಿ ನಕ್ಕಳು. “ಅದನ್ನ ಕೆಳಗ ಬಿಡು. ಕೂಸೈತಿ, ಗಂಟ ಅಲ್ಲ.”

“ಬಿಟ್ರ ಬೂದಿ ತಿಂತೈತಿ ಅಕ್ಕಾ.”

“ನಮ್ಮವೂ ತಿಂದಾವು. ಎಲ್ಲಾರೂ ಬೂದಿ ತಿಂದ ದೊಡ್ಡವರಾಗ್ಯಾರ.”

ನಾನು ಕಿವುಡಿಯಾದೆ. ಕಿವುಡಾಗುವುದು ಕೂಡು ಕುಟುಂಬದಲ್ಲಿ ಮೊದಲು ಕಲಿಯುವ ವಿದ್ಯೆ.

ಗೋಡೆ ಏರತೊಡಗಿತು. ಮೊದಲು ನನ್ನ ಗುಟ್ಟು ಹಿಡಿದವನು ಗೌಂಡಿ. ತಪ್ಪು ನನ್ನ ನಾಲಿಗೆಯದು. ಬಸುರಿಯಾದಾಗ ನನಗೆ ಹಸಿ ಮಣ್ಣು ತಿನ್ನುವ ಆಸೆ. ಗೋಡೆಗೆ ಹಾಕಲು ಕೆರೆಯ ದಂಡೆಯಿಂದ ತಂದ ಜಿಗುಟು ಮಣ್ಣು, ಜರಡಿ ಹಿಡಿದದ್ದು, ನೀರು ಚಿಮುಕಿಸಿದ ಕೂಡಲೇ ಎಂಥ ವಾಸನೆ ಬರುತ್ತದೆ ಅಂತೀರಿ! ಹೋಳಿಗೆಯ ಮುಂದೆ ಕೂಡ ನನ್ನ ಬಾಯಲ್ಲಿ ಹಾಗೆ ನೀರೂರಿದ್ದಿಲ್ಲ. ಆಚೀಚೆ ನೋಡಿ ಒಂದು ಉಂಡೆ ಬಾಯಿಗೆ ಹಾಕಿಕೊಂಡೆ. ಮೇಲೆ ನೋಡಿರಲಿಲ್ಲ.

“ತಂಗೀ,” ಎಂದ ಗೌಂಡಿ ಗೋಡೆಯ ಮೇಲಿಂದ. “ಆ ಮಣ್ಣ ಗ್ವಾಡಿಗೆ ತಂದದ್ದು.”

“ಕೂಸಿನ ಬಾಯಾಗ ಹೋಗಿತ್ತು, ತಗದೇನಿ.”

“ಕೂಸಿನ ಬಾಯಾಗಿಂದ ತಗದು ನಿನ್ನ ಬಾಯಾಗ ಇಟ್ಟಿಯೇನು?” ಅವನು ಮೀಸೆಯೊಳಗೆ ನಕ್ಕ. “ನನ್ನಾಕಿ ಬಸುರಾದಾಗೊಮ್ಮೆ ಗ್ವಾಡಿ ಮೂಲಿ ಕೆರಕೊಂಡು ತಿಂತಾಳ. ನಮ್ಮ ಮನ್ಯಾಗ ಒಂದ ಮೂಲಿ ಸುದ್ದಾ ನೆಟ್ಟಗ ಉಳದಿಲ್ಲ.”

ನಾನು ಬಾಯಿ ಒರೆಸಿಕೊಂಡೆ. “ಅಣ್ಣಾ, ನೀ ಏನೂ ನೋಡಿಲ್ಲ.”

“ನಾ ಗುಂಡಿನ ದಾರ ಬಿಟ್ರ ಬ್ಯಾರೆ ಏನ್ ನೋಡ್ತೇನಿ?” ಎಂದು ಅವನು ಕಲ್ಲಿನ ಪಕ್ಕ ಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿದ. “ಆದ್ರ ಭಾಳ ತಿನಬ್ಯಾಡ. ಇನ್ನೊಂದ ಗಾಡಿ ಮಣ್ಣ ತರಿಸಬೇಕಾಗತೈತಿ.”

ಗೌಂಡಿಯಿಂದ ನನಗೆ ಭಯವಿರಲಿಲ್ಲ. ಭಯ ಇದ್ದದ್ದು ಜೋಳಿಗೆಯೊಳಗೆ ಕೂತವಳಿಂದ. ಅವಳಿಗೆ ಕಾಲು ಬಂದುಬಿಟ್ಟಿತು. ಗೌಂಡಿಯ ಹೊರತು ಯಾರೂ ಇಲ್ಲದ ಹೊತ್ತು ಹೊಸ ಗೋಡೆಯೊಳಗೆ ನಾನು ಅವಳನ್ನು ಇಳಿಸಿ ಬೆನ್ನು ನೇರ ಮಾಡಿಕೊಳ್ಳುತ್ತಿದ್ದೆ. ಅಲ್ಲಿ ಗೋಡೆ ಹಿಡಿದು ನಿಂತಳು, ಗೋಡೆ ಹಿಡಿದು ಸರಿದಳು, ಒಂದು ದಿನ ಗೋಡೆ ಬಿಟ್ಟಳು. ಬೇರೆ ತಾಯಂದಿರು ಆವಾಗ ಸಕ್ಕರೆ ಹಂಚುತ್ತಾರೆ. ನಾನು ಓಡಿ ಹೋಗಿ ಹಿಡಿದು ಮತ್ತೆ ಜೋಳಿಗೆಗೆ ತುರುಕಿದೆ.

ಆಮೇಲೆ ಅವಳಿಗೆ ಒಂದೇ ಮಾತು: “ಕೆಳಗ!” ಬೆಳಗಾದರೆ ಕೆಳಗ, ಬೈಗಾದರೆ ಕೆಳಗ. ಬಾಯಿಗೆ ಒಂದು ಹಿಡಿ ಹುರಿದ ಪುಟಾಣಿ ಕಡಲೆ ಹಾಕಿದರೆ ಅದು ಮುಗಿಯುವ ತನಕ ಸುಮ್ಮನೆ. ಬೆಲ್ಲದ ಚೂರು ಕೊಟ್ಟರೆ ಇನ್ನೂ ಸ್ವಲ್ಪ ಹೊತ್ತು. ಬೆಲ್ಲ ಮುಗಿದ ಮೇಲೆ ಕಾಲು ಝಾಡಿಸಿ ಒದೆಯುತ್ತಿದ್ದಳು. ಹೊರಗಿನದು ಒದ್ದರೆ ಒಳಗಿನದೂ ಎದ್ದು ತಿರುಗಿ ಒದೆಯುತ್ತಿತ್ತು. ಹುಟ್ಟುವ ಮೊದಲೇ ಅಕ್ಕತಂಗಿಯರ ಜಗಳ, ನಡುವೆ ನನ್ನ ಹೊಟ್ಟೆಯ ಚರ್ಮ.

ಇತ್ತ ಆಯಿಗೆ ಚಿಂತೆ ಹತ್ತಿತು. ಇಷ್ಟು ದೊಡ್ಡ ಕೂಸು ಇನ್ನೂ ನಡೆಯುತ್ತಿಲ್ಲ! ಬೆಳಗ್ಗೆ ಬಿಸಿ ಎಣ್ಣೆ ಹಚ್ಚಿ ಕಾಲು ತಿಕ್ಕುತ್ತಿದ್ದಳು. ಬೀರಪ್ಪನ ಗುಡಿಯಿಂದ ಭಂಡಾರ ತಂದು ಎರಡೂ ಮೊಣಕಾಲಿಗೆ ಹಚ್ಚಿ ಅರಿಶಿಣದ ಗೊಂಬೆ ಮಾಡಿದಳು. ಆಕೆ ತಿಕ್ಕುವಷ್ಟು ಹೊತ್ತು ನಾನು ಕೂಸನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದಿರುತ್ತಿದ್ದೆ. ಬಿಟ್ಟರೆ ಎದ್ದು ಓಡುತ್ತಿತ್ತಲ್ಲ!

“ಕಾಲಾಗ ಕಸುವು ಐತಿ,” ಎನ್ನುತ್ತಿದ್ದಳು ಆಯಿ. “ಮತ್ತ್ಯಾಕ ನಡಿವಲ್ದು?”

“ನಡಿತೈತಿ ಬಿಡ ಆಯಿ. ಅವಸರೇನೈತಿ?”

“ನಿನ್ನವ್ವ ಒಂಬತ್ತ ತಿಂಗಳಿಗೆ ನಡದಿದ್ಲು.”

“ಅದಕ್ಕ ಈಗ ಮೊಣಕಾಲ ನೋವು ಅಂತಾಳ.”

ಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಬಂತು. ಗಂಡಹೆಂಡತಿ ಇಬ್ಬರೂ ಕೂತು ಹೊಸ್ತಿಲಿಗೆ ಪೂಜೆ ಮಾಡಬೇಕು. ಹೊಸ್ತಿಲ ಕಲ್ಲು ಬಾದಾಮಿಯ ಕಡೆಯಿಂದ ಗಾಡಿಯಲ್ಲಿ ಬಂದ ಕೆಂಪು ಕಲ್ಲು. ಆಯಿ ಕೈ ಚಾಚಿ, “ಕೂಸಿನ ಇಲ್ಲಿ ಕೊಡು, ಪೂಜಾಕ ಹೆಂಗ ಕೂಡ್ತಿ?” ಎಂದಳು. ನಾನು ಜೋಳಿಗೆಯೊಳಗೆ ಕೈ ಹಾಕಿ ಕೂಸಿನ ತೊಡೆಗೆ ಒಂದು ಚಿವುಟಿದೆ. ಅದು ಊರು ಹಾರಿಹೋಗುವಂತೆ ಚೀರಿತು. “ನನ್ನ ಬಿಟ್ಟು ಇರಂಗಿಲ್ಲ ಆಯಿ, ಇರಲಿ,” ಎಂದು ಹಾಗೇ ಕೂತು ಅರಿಶಿಣ ಕುಂಕುಮ ಹಚ್ಚಿದೆ. ಚೌಕಟ್ಟು ನಿಂತಿತು. ಇನ್ನು ಗೋಡೆ ತಲೆಯ ಮೇಲೆ ಏರಬೇಕು, ತೊಲೆ ಜಂತಿ ಹಾಕಬೇಕು, ಮಣ್ಣು ಹೊದಿಸಬೇಕು. ಅಷ್ಟೇ ಉಳಿದದ್ದು.

ಬಾಗಿಲಿಗೆ ಚಿಲಕ, ಬಿಜಾಗರಿ ತರಲು ನಾನೂ ಮಾಮಾನೂ ಇಳಕಲ್ಲಿಗೆ ಹೋದೆವು. ಮಾಮಾ ಒಬ್ಬನೇ ಹೋಗುತ್ತೇನೆ ಎಂದ. ಚಿಲಕ ನಾನೇ ಆರಿಸಬೇಕು ಎಂದು ಹಟ ಹಿಡಿದೆ. ಬಸ್ಸು ತುಂಬಿತ್ತು. ಮಾಮಾನಿಗೆ ಹೇಗೋ ಕೂಡಲು ಜಾಗ ಸಿಕ್ಕಿತು, ನಾನು ಕಂಬ ಹಿಡಿದು ನಿಂತೆ. ಕಂಡಕ್ಟರ್ ಜೋಳಿಗೆಯಿಂದ ಹೊರಗೆ ಇಳಿಬಿದ್ದ ಕಾಲು ನೋಡಿ, “ಅಕ್ಕಾರ, ನಿಮ್ಮ ಕೂಸಿಗಿ ಇನ್ನ ಸ್ವಲ್ಪ ದಿನಕ್ಕ ಮೀಸಿ ಬರತಾವು. ಆವಾಗರೆ ಇಳಸ್ರಿ,” ಎಂದ. ಬಸ್ಸೆಲ್ಲ ನಕ್ಕಿತು. “ಹೆಣ್ಣ ಕೂಸ್ರಿ,” ಎಂದೆ. “ಹಂಗಾರ ಇಳಸಬ್ಯಾಡ್ರಿ, ಮದುವಿ ತನಕ ಇರಲಿ,” ಎಂದು ಟಿಕೀಟು ಹರಿದು ಕೊಟ್ಟ.

ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಯಾರೋ ಏನೋ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಜೋಳಿಗೆ ನೋಡಲಿಲ್ಲ, ನಾನು ಕಾಲು ಅಗಲಿಸಿ ನಿಂತದ್ದು ನೋಡಿದಳು. ಆಮೇಲೆ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು. “ಏ, ಗಂಡಸರಽ, ಯಾರರೆ ಒಬ್ಬರು ಏಳ್ರಿ! ಬಸುರಿ ಹೆಣಮಗಳು ನಿಂತಾಳ, ಕಣ್ಣ ಕಾಣಂಗಿಲ್ಲೇನು?”

ಮೊದಲು ಎದ್ದವನು ನನ್ನ ಗಂಡ. ಎದ್ದು ನಿಂತು ಬಸ್ಸಿನ ಆ ತುದಿಯಿಂದ ಈ ತುದಿಗೆ ನೋಡಿ, “ಯಾರವ್ವಾ ಬಸುರಿ? ಬಾ, ಇಲ್ಲಿ ಕೂಡು,” ಎಂದ.

ಮುದುಕಿ ಬೆರಳು ನನ್ನ ಕಡೆ ತೋರಿಸಿದಳು. ಮಾಮಾ ನನ್ನನ್ನು ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ನಿಧಾನವಾಗಿ ಹೋಗಿ ಅವನ ಸೀಟಿನಲ್ಲಿ ಕೂತೆ. ಇಳಕಲ್ ಬರುವ ತನಕ ಅವನು ಕಂಬ ಹಿಡಿದು ಬಾಯಿ ತೆರೆದೇ ನಿಂತಿದ್ದ.

ಇಳಿದ ಮೇಲೆ ಕೇಳಿದ. “ಖರೇನು?”

“ಖರೆ.”

“ಅವ್ವಗ ಗೊತ್ತೈತಿ?”

“ಗೊತ್ತಿದ್ರ ನಾವು ಚಿಲಕ ತರಾಕ ಬರ್ತಿದ್ವಿ?”

ಅವನು ಬೆವರು ಒರೆಸಿಕೊಂಡ. “ನಾ ಕಲ್ಲ ಎತ್ತಾಕತ್ತೇನಿ. ಚೌಕಟ್ಟ ಹಿಡದೇನಿ. ಏನರೆ ಆದ್ರ?”

“ಏನಾಗತೈತಿ? ಮನಿ ಆಗತೈತಿ. ಮಾಮಾ, ಒಂದ ಮಾತು ಹೊರಗ ಬಿತ್ತಂದ್ರ ನಾ ಆಡಿನ ದೊಡ್ಡ್ಯಾಗ ಹಡೀತೇನಿ ನೋಡು.”

ಬೀರಪ್ಪನಾಣೆ ಒಂದು ಮಾತೂ ಆಡುವುದಿಲ್ಲ ಎಂದ. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿಲಕ ಆರಿಸಿದೆ. ಅವನು ತಕರಾರು ಮಾಡಲಿಲ್ಲ.

ಕೊಟ್ಟ ಮಾತು ಅವನು ಉಳಿಸಿಕೊಂಡ, ಅದನ್ನು ಒಪ್ಪಬೇಕು. ಒಂದು ಅಕ್ಷರವೂ ಬಾಯಿಂದ ಬರಲಿಲ್ಲ. ಆದರೆ ಅವನಿಗೆ ಒಳಗೊಳಗೆ ಪುಕುಪುಕು. ಮನೆ ಕಟ್ಟುವುದು ಬಿಡುವಂತಿಲ್ಲ, ಹೆಂಡತಿ ಬಿಡುವುದಿಲ್ಲ. ಉಳಿದ ಕಟ್ಟುಪಾಡಾದರೂ ಪಾಲಿಸಿದರೆ ದೇವರು ಅರ್ಧ ಕ್ಷಮಿಸಿಯಾನು ಎಂದುಕೊಂಡ. ನನಗೆ ಹೇಳದೆ ಕೇಳದೆ ಗಡ್ಡ ಬಿಟ್ಟ.

ನಾನು ಗಮನಿಸಲೇ ಇಲ್ಲ. ಗಂಡನ ಮುಖ ನೋಡುತ್ತ ಕೂಡುವ ಹೊತ್ತು ಯಾರಿಗಿತ್ತು! ನನ್ನ ಕಣ್ಣೆಲ್ಲ ಗೋಡೆಯ ಮೇಲೆ. ನಮ್ಮ ಕ್ಷೌರಿಕ ಸೋಮವಾರಕ್ಕೊಮ್ಮೆ ಮನೆ ಮನೆಗೆ ಬಂದು ಗಂಡಸರನ್ನು ಹಿತ್ತಲ ಬೇವಿನ ಗಿಡದ ಕೆಳಗೆ ಕೂಡಿಸಿ ಹೆರೆದು ಹೋಗುತ್ತಿದ್ದ. ಮಾಮಾ ಒಂದು ಸೋಮವಾರ ಕುರಿಯ ಹಿಂದೆ ಹೋದ, ಇನ್ನೊಂದು ಸೋಮವಾರ ಸುಣ್ಣ ತರಲು ಹೋದ. ಅದರ ಮುಂದಿನ ಸೋಮವಾರ ಸಿಕ್ಕಿಬಿದ್ದ.

“ಬಾರೋ ತಮ್ಮಾ, ಕೂಡು,” ಎಂದ ಕ್ಷೌರಿಕ. “ಮಾರಿ ಕರಡಿ ಆಗೇತಿ. ಯಾಕ ತಪ್ಪಿಸಿಕೊಂಡ ಅಡ್ಡಾಡಾಕತ್ತಿ?”

“ಹಲ್ಲ ನೋವು.”

“ಹಲ್ಲ ನೋವಿಗೆ ಗಡ್ಡ ಬಿಡ್ತಾರೇನಲೇ?”

“ಅಲ್ಲ... ಬೀರಪ್ಪಗ ಹರಕಿ.”

ಜೋಳ ಹಸನು ಮಾಡುತ್ತಿದ್ದ ಆಯಿ ಮೊರ ಕೆಳಗಿಟ್ಟಳು. “ಯಾವ ಹರಕಿ? ಈ ಮನ್ಯಾಗ ನನ್ನ ಬಿಟ್ಟು ಬೀರಪ್ಪಗ ಹರಕಿ ಹೊತ್ತಾವ ಯಾವ?”

ಮಾಮಾ ಗಡ್ಡ ಕೆರೆದುಕೊಂಡ. ಕ್ಷೌರಿಕ ಕತ್ತಿ ಮಡಚಿ ನಗತೊಡಗಿದ. “ಆಯಿ, ಗಂಡಸ ಸುಮ್ಮ ಸುಮ್ಮನ ಗಡ್ಡ ಬಿಡಂಗಿಲ್ಲ. ಮನ್ಯಾಗ ಕೇಳು.”

ಆಯಿ ಗಡ್ಡ ನೋಡಿದಳು. ಗಡ್ಡದಿಂದ ಕಣ್ಣು ತೆಗೆದು ನನ್ನ ಜೋಳಿಗೆ ನೋಡಿದಳು. ನಾನು ಆಗ ಗೌಂಡಿಗೆ ನೀರು ಕೊಡುತ್ತ ಹೊಸ ಗೋಡೆಯ ಹತ್ತಿರ ನಿಂತಿದ್ದೆ.

“ಜೋಳಿಗಿ ಬಿಚ್ಚು,” ಎಂದಳು.

“ಕೂಸ ಮಲಗೇತಿ ಆಯಿ.”

“ಕೆಳಗ!” ಎಂದಿತು ಕೂಸು ಜೋಳಿಗೆಯೊಳಗಿಂದ, ಕಣ್ಣು ಪಿಳಿಪಿಳಿ ಬಿಟ್ಟು.

ಬಿಚ್ಚದೆ ವಿಧಿಯಿರಲಿಲ್ಲ. ಆಯಿಯೇ ಬಂದು ಬೆನ್ನ ಗಂಟು ಬಿಚ್ಚಿದಳು. ಕೂಸನ್ನು ಎತ್ತಿ ನೆಲದ ಮೇಲೆ ಕೂಡಿಸಿ, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

“ಎಷ್ಟ ತಿಂಗಳು?”

“ಐದು.”

“ಐದು! ಗ್ವಾಡಿಕಿಂತ ಜೋರ ಬೆಳದೈತಲ್ಲ!” ಆಯಿಯ ದನಿ ಏರಿತು. “ಏ ಗೌಂಡಿ! ಇಳಿ ಕೆಳಗ. ಕೆಲಸ ಬಂದ್.”

ಗೌಂಡಿ ಇಳಿಯಲಿಲ್ಲ. ಕರಣಿ ಹಿಡಿದೇ ಹೇಳಿದ. “ಆಯಿ, ಹೆಂಡ್ತಿ ಬಸುರಿದ್ದಾಗ ಕಲ್ಲ ಇಡಬಾರದು ಅಂದ್ರ ನಾ ಇಷ್ಟ ವರ್ಷದಾಗ ಒಂದ ಗ್ವಾಡಿ ಸುದ್ದಾ ಕಟ್ಟತಿದ್ದಿಲ್ಲ. ನನ್ನಾಕಿ ಬಸುರಿಲ್ಲದಾಗ ನಾ ನೋಡೇ ಇಲ್ಲ.”

“ನೀ ಕಟ್ಟೂದು ಮಂದಿ ಮನಿ,” ಎಂದಳು ಆಯಿ. “ಇಂವ ಕಟ್ಟೂದು ತನ್ನ ಮನಿ. ಇಳಿ.”

ಗೌಂಡಿ ಗೋಡೆಯ ಮೇಲಿಂದ ಒಂದು ಕಾಲು ಇಳಿಬಿಟ್ಟ. ಮಾಮಾ ನೆಲ ನೋಡುತ್ತಿದ್ದ. ನೆಗೆಣ್ಣಿ ಒಲೆ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತಳು. ಆಕೆಯ ಕಣ್ಣು ನನ್ನ ಒಲೆ ಬರಬೇಕಾದ ಮೂಲೆಯ ಮೇಲೆ ಇತ್ತು, ಮತ್ತೆ ಕುಂಬಳ ಬೀಜ ಊರುವ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಅಳು ನನಗೆ ಬರುವುದಿಲ್ಲ, ಮಾತು ಬರುತ್ತದೆ.

“ನಿಲ್ಲಸ ಆಯಿ, ನಿಲ್ಲಸು,” ಎಂದೆ. “ಹ್ವಾದ ಸರ್ತಿ ಮೊಣಕಾಲ ಮಟ್ಟಕ್ಕ ನಿಲ್ಲಿಸಿದ್ದಿ. ಏನಾತು? ಹೊಟ್ಯಾಗಿನ ಕೂಸಿನ ಕಾಲೂ ಮೊಣಕಾಲ ಮಟ್ಟಕ್ಕ ನಿಂತ್ವು. ಎಣ್ಣಿ ತಿಕ್ಕಿದಿ, ಭಂಡಾರ ಹಚ್ಚಿದಿ, ನಡೀತೇನು? ಈಗ ಗ್ವಾಡಿ ಕುತ್ತಿಗಿ ಮಟ್ಟಕ್ಕ ಬಂದೈತಿ. ಇಲ್ಲೇ ನಿಲ್ಲಸು. ಇದು ಹೆಂಗ ಹುಟ್ಟತೈತೋ ನಾನೂ ನೋಡ್ತೇನಿ.”

ಈ ಮಾತು ನಾನು ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಬಾಯಿಗೆ ಬಂತು, ಆಡಿದೆ. ಆದರೆ ಆಡಿದ ಕೂಡಲೇ ಆಯಿಯ ಮುಖದ ಬಣ್ಣ ಹೋಯಿತು. ಆಕೆಯ ಕೈ ತನ್ನ ಕುತ್ತಿಗೆಗೆ ಹೋಯಿತು. ನೆಗೆಣ್ಣಿ, “ಬಿಡ್ತು ಅನ್ನು!” ಎಂದಳು. ಗೌಂಡಿ ಕರಣಿ ಕೆಳಗಿಟ್ಟ.

ಎಲ್ಲ ಸರಿಹೋಗುತ್ತಿತ್ತು. ಆಗ ನೆಲದ ಮೇಲೆ ಕೂತಿದ್ದ ನನ್ನ ಮಗಳು ಎದ್ದಳು. ಇಷ್ಟು ದಿನದ ಮೇಲೆ ಎಲ್ಲರ ಮುಂದೆ ಕೆಳಗೆ ಬಿಟ್ಟಿದ್ದರಲ್ಲ, ಸುಮ್ಮನಿರುತ್ತಾಳೆಯೇ? ಅಂಡು ಝಾಡಿಸಿ, ಎರಡೂ ಕೈ ಮೇಲೆತ್ತಿ, ಹಿತ್ತಲು ದಾಟಿ ಓಡಿದಳು. ನಡೆಯಲಿಲ್ಲ, ಓಡಿದಳು. ಹೊಸ ಚೌಕಟ್ಟಿನ ಕೆಂಪು ಹೊಸ್ತಿಲು ಹಿಡಿದು ಹತ್ತಿ ಆಚೆ ಇಳಿದು ಗೋಡೆಯೊಳಗೆ ಮಾಯವಾದಳು.

ಹೋಯಿತು, ಮನೆ ಹೋಯಿತು ಎಂದುಕೊಂಡೆ. ಸುಳ್ಳು ಹೇಳಿ ಒಂದು ಉಸಿರು ಬಿಡುವುದರೊಳಗೆ ಹೆತ್ತ ಮಗಳೇ ಹಿಡಿದುಕೊಟ್ಟಳು.

“ಇದು ಯಾವಾಗ ಕಲೀತು?” ಎಂದಳು ನೆಗೆಣ್ಣಿ.

ಗೌಂಡಿ ಬಾಯಿ ತೆರೆದ. ಅವನ ಕಣ್ಣ ಮುಂದೆಯೇ ದಿನಾ ನಡೆದಾಡುತ್ತಿದ್ದಳಲ್ಲ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಅವನು ಬಾಯಿ ಮುಚ್ಚಿ ಗುಂಡಿನ ದಾರ ನೋಡತೊಡಗಿದ.

ಆಯಿ ಮಾತ್ರ ಬೇರೆ ಲೋಕದಲ್ಲಿದ್ದಳು. ಎರಡೂ ಕೈ ಜೋಡಿಸಿ, “ಬೀರಪ್ಪಾ,” ಎಂದಳು. “ಗ್ವಾಡಿ ನಿಂತಾಗ ಕಾಲ ನಿಂತಿದ್ವು. ಗ್ವಾಡಿ ಏರಿದ ಮ್ಯಾಲ ಕಾಲ ಬಂದ್ವು. ಚೌಕಟ್ಟ ನಿಂತ ಬಾಗಲಾ ಹಾದು ಹೋತು, ನೋಡಿದಿರಿಲ್ಲ ಎಲ್ಲಾರೂ?”

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಾನಾಗಿಯೇ ಬೇಯುತ್ತಿರುವ ರೊಟ್ಟಿಯನ್ನು ಯಾಕೆ ತಿರುವಿಹಾಕಬೇಕು?

ಆಯಿ ಅದನ್ನು ಸಾಯುವ ತನಕ ನಂಬಿದಳು. ನಂಬಿದ್ದಷ್ಟೇ ಅಲ್ಲ, ಓಣಿಗೆಲ್ಲ ಹೇಳಿದಳು. ಅರ್ಧ ಏರಿದ ಗೋಡೆಯನ್ನು ಬಸುರಿಯ ಸಲುವಾಗಿ ನಿಲ್ಲಿಸಬಾರದು, ನಿಲ್ಲಿಸಿದರೆ ಕೂಸಿಗೆ ಆಗಿಬರುವುದಿಲ್ಲ ಎಂದು ಈಗ ನಮ್ಮ ಓಣಿಯಲ್ಲಿ ಶಾಸ್ತ್ರವೇ ಆಗಿದೆ. ನನ್ನ ಮುಂದೆಯೇ ನನಗೆ ಆ ಶಾಸ್ತ್ರ ಹೇಳಿದವರಿದ್ದಾರೆ. ಹೌದವಾ, ಹಿಂದಿನವರು ಸುಮ್ಮನೆ ಮಾಡಿಲ್ಲ, ಎನ್ನುತ್ತೇನೆ.

ಆದರೆ ಆಯಿ ಹಳೆಯದನ್ನು ಪೂರಾ ಬಿಡುವವಳಲ್ಲ. ಅಲ್ಲೇ ನಿಂತು ತೀರ್ಪು ಕೊಟ್ಟಳು. ಮನೆಯ ಕೆಲಸ ನಡೆಯಲಿ, ಆದರೆ ಬಸುರಿಯ ಗಂಡ ಕಲ್ಲು ಮಣ್ಣು ಮುಟ್ಟಕೂಡದು. ಅವನ ಪಾಲಿನ ಕೆಲಸ ಅಣ್ಣಂದಿರು ಮಾಡಲಿ. ನಾನು ಭಾರ ಎತ್ತಕೂಡದು. ಕೂಸಿಗೆ ಕಾಲು ಬಂದಿದೆ, ಗೋಡೆಯ ಹತ್ತಿರ ಓಡಿದರೆ ಮೇಲಿಂದ ಕಲ್ಲು ಬಿದ್ದೀತು. ಹಾಗಾದರೆ ಅದನ್ನು ಹಿಡಿಯುವವರು ಯಾರು?

“ಇಂವ,” ಎಂದಳು ಆಯಿ ಮಗನನ್ನು ತೋರಿಸಿ. “ಬ್ಯಾರೆ ಏನ್ ಕೆಲಸೈತಿ ಇಂವಗ?”

ಆಕೆಯೇ ಜೋಳಿಗೆ ಎತ್ತಿ ಮಗನ ಹೆಗಲಿಗೆ ಹಾಕಿ ಬೆನ್ನಿಗೆ ಗಂಟು ಬಿಗಿದಳು. ನಾನು ಕಟ್ಟಿದ್ದ ಹಾಗೆಯೇ, ಹೊಟ್ಟೆಯ ಮೇಲೆ.

ಮಾಳಿಗೆ ಮುಚ್ಚುವ ತನಕ ನಮ್ಮ ಮಾಮಾ ಕರಿ ಗಡ್ಡ ಬಿಟ್ಟುಕೊಂಡು, ಹೊಟ್ಟೆಯ ಮೇಲೆ ಇಳಕಲ್ ಸೀರೆಯ ಜೋಳಿಗೆ ಕಟ್ಟಿಕೊಂಡು ಗುಡೂರಿನ ತುಂಬ ತಿರುಗಿದ. ಗೆಳೆಯರು ಕಟ್ಟೆಯ ಮೇಲಿಂದ, “ಲೇ, ನಿನಗೆಷ್ಟ ತಿಂಗಳಲೇ?” ಎನ್ನುತ್ತಿದ್ದರು. “ಏನ್ ತಿನ್ನಬೇಕನಸ್ತೈತಿ? ಹುಣಸಿಕಾಯಿ ತರೂನೇನು?” ಒಬ್ಬ ಹಸಿರು ಬಳೆ ತಂದು ತೊಡಿಸಲು ಬಂದನಂತೆ. ಮೊದಮೊದಲು ಮಾಮಾ ಸಂದಿಗಳಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದ. ಆಮೇಲೆ ಅವನಿಗೂ ರೂಢಿಯಾಯಿತು. “ಏಳು ನಡದೈತಿ, ನಿನ್ನ ಹೆಂಡ್ತಿನ ಕಳಸು, ಬಾಣಂತನಕ್ಕ ಮಂದಿ ಬೇಕಾಗೇತಿ,” ಎಂದು ತಿರುಗಿ ಹೇಳತೊಡಗಿದ ಮೇಲೆ ಅವರ ಬಾಯಿ ನಿಂತಿತು.

ಮಗಳ ಮಾತು ಕೇಳಬೇಡಿ. ನನ್ನ ಜೋಳಿಗೆಯಲ್ಲಿ ಕೆಳಗ ಕೆಳಗ ಎಂದು ಪ್ರಾಣ ತಿಂದವಳು ಅಪ್ಪನ ಜೋಳಿಗೆಯಲ್ಲಿ ಗಡ್ಡ ಹಿಡಿದುಕೊಂಡು ದೇಸಗತಿಯವರ ಹಾಗೆ ಕೂತಳು. ಇಳಿಸಿದರೆ ಅಳುತ್ತಿದ್ದಳು.

ಹಗುರವಾಗಿ ಓಡಾಡುವುದು ನನಗೆ ಮೊದಮೊದಲು ಬರಲಿಲ್ಲ. ಮುಂದೆ ಭಾರ ಇಲ್ಲದೆ ಮುಗ್ಗರಿಸುತ್ತಿದ್ದೆ. ಆಯಿ ಒಂದು ಕಲ್ಲಿನ ಮೇಲೆ ನನ್ನನ್ನು ಕೂಡಿಸಿ, ಪಕ್ಕದಲ್ಲಿ ತಾನೂ ಕೂತು ಗಂಡುಮಕ್ಕಳನ್ನು ದುಡಿಸಿದಳು. ತೊಲೆ ಏರಿತು. ಜಂತಿ ಸಾಲಾಗಿ ಕೂತವು. ಬೇವಿನ ತೊಪ್ಪಲು ಹಾಸಿದರು, ಮಣ್ಣು ಹಾಕಿದರು. ಮಣ್ಣನ್ನು ನೀರು ಹಾಕಿ ಚೆನ್ನಾಗಿ ತುಳಿದು ಬಡಿಯಬೇಕು. ಮಾಮಾ ತುಳಿದಿದ್ದರೆ ತನ್ನ ಮನೆ ಎಂದು ತುಳಿಯುತ್ತಿದ್ದ. ಭಾವಂದಿರು ತಮ್ಮನ ಮನೆ ಎಂದು ತುಳಿದರು. ಎರಡಕ್ಕೂ ಫರಕು ಇದೆ.

ಮಿರಗದ ಮಳೆಗೆ ಮೊದಲೇ ಒಳಗೆ ಹೋದೆವು. ಒಲೆ ನಾನೇ ಹಾಕಿದೆ, ಕುಂಬಳ ಬಳ್ಳಿ ಇದ್ದ ಮೂಲೆಯಲ್ಲೇ. ಮೂರು ದಿನಕ್ಕೆ ಮಳೆ ಹಿಡಿಯಿತು. ಬೆಳಗಿನ ಹೊತ್ತು, ಮಾಮಾ ಕುರಿಗೆ ಹೋಗಿದ್ದ, ಮಗಳು ಮಲಗಿದ್ದಳು. ನಾನು ಚಿಲಕ ಹಾಕಿಕೊಂಡು ರೊಟ್ಟಿ ಬಡಿಯಲು ಕೂತೆ. ಮೊದಲನೆಯ ರೊಟ್ಟಿ ಹಂಚಿಗೆ ಹಾಕುವಾಗ ಮಾಳಿಗೆಯಿಂದ ಒಂದು ಹನಿ ಟಪಕ್ಕೆಂದು ಹಿಟ್ಟಿನ ಪರಾತದ ಪಕ್ಕಕ್ಕೆ ಬಿತ್ತು. ಇನ್ನೊಂದು ಬಾಗಿಲ ಹತ್ತಿರ. ಮತ್ತೊಂದು ನನ್ನ ನೆತ್ತಿಯ ಮೇಲೆ. ಎದ್ದು ಹನಿ ಬೀಳುವ ಕಡೆಗೆಲ್ಲ ಒಂದೊಂದು ಬೋಗುಣಿ ಇಟ್ಟು ಬಂದು ಮತ್ತೆ ಕೂತೆ. ಸೋರಲಿ. ಇಷ್ಟು ದಿನ ಆಯಿಯ ಮನೆ ಸೋರುತ್ತಿತ್ತು, ಈಗ ನನ್ನ ಮನೆ ಸೋರುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು. ನಾನು ಹುಟ್ಟಿದಂದಿನಿಂದ ನನ್ನ ಬಾಗಿಲು ಅಂತ ಯಾರೂ ಬಡಿದಿರಲಿಲ್ಲ. ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊರಗೆ ಆಯಿ ನಿಂತಿರಬೇಕು, ದನಿ ಆಕೆಯದು.

“ಏ ಹುಡಿಗೀ, ಮಾಳಗಿ ಸೋರತೈತೇನು? ಬಾಗಲಾ ತಗಿ, ನಾ ತೊಯ್ಯಾಕತ್ತೇನಿ.”

“ಬಂದೆ ಆಯಿ,” ಎಂದೆ.

ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದೆ. ಅದು ಉಬ್ಬಿ, ಅಂಚು ಕೆಂಪಗಾಗಿ, ಪೂರ್ತಿ ಬೇಯುವ ತನಕ ಕೂತಿದ್ದೆ. ಆಮೇಲೆ ಎದ್ದೆ.